ಎದೆಗುಂದಿದವರು

ಮಕ್ತಲ್
14 ಜೂನ್ 2024

ಅಂಜಿ ಕಾಕಾ ಅವರಿಗೆ,

ನಾನು ದೇವಿಕಾ, ನಿಮ್ಮ ಅಣ್ಣ ಕುರುಮಯ್ಯನವರ ಮಗಳು. ಸ್ವಂತ ಕಾಕಾನಿಗೆ ಹೀಗೆ ಪರಿಚಯ ಹೇಳಿಕೊಳ್ಳುವುದು ನನಗೇ ವಿಚಿತ್ರವೆನಿಸುತ್ತಿದೆ. ಆದರೆ ಮೂರು ವರ್ಷದ ಮೇಲೆ ಬಂದ ಪತ್ರ ಯಾರದೆಂದು ಮೊದಲ ಸಾಲಿನಲ್ಲೇ ತಿಳಿದರೆ ಮುಂದೆ ಓದಬೇಕೋ ಬೇಡವೋ ನೀವು ನಿರ್ಧರಿಸಬಹುದು.

ವಿಳಾಸ ಸಿಕ್ಕಿದ್ದು ಅನಿರೀಕ್ಷಿತವಾಗಿ. ನಮ್ಮ ಶಾಲೆಯಲ್ಲಿ ತೆಲುಗು ಕಲಿಸುವ ಪ್ರಶಾಂತಿ ತನ್ನ ತಂಗಿಯ ಮದುವೆಯ ಸೀರೆಗಾಗಿ ಗದ್ವಾಲಿಗೆ ಹೋಗಿದ್ದಳು. ನೇಕಾರ ನರಸಿಂಹುಲು ಅವರ ಹಿತ್ತಲಲ್ಲಿ ನೂಲಿಗೆ ಬಣ್ಣ ಹಾಕುವವರೊಬ್ಬರು ತೆಲುಗು ಮಾತಾಡಿದರೂ ಅದರಲ್ಲಿ ನಮ್ಮ ಹೊಳೆದಂಡೆಯ ಕನ್ನಡವೇ ಕೇಳಿಸುತ್ತದೆ ಎಂದಳು. ಎಡಗೈ ಹೆಬ್ಬೆರಳಿಗೆ ಉಗುರಿಲ್ಲ ಎಂದೂ ಹೇಳಿದಳು. ಆಗ ನನಗೆ ತಿಳಿಯಿತು.

ನಾನೀಗ ಮಕ್ತಲ್ ಹತ್ತಿರದ ಕನ್ನಡ ಶಾಲೆಯೊಂದರಲ್ಲಿ ಟೀಚರ್. ಏಳನೆಯ ತರಗತಿಯಲ್ಲಿ ಹನ್ನೊಂದು ಮಕ್ಕಳಿದ್ದಾರೆ. ಮೊನ್ನೆ ಪಾಠದಲ್ಲಿ "ಅವನು ಎದೆಗುಂದದೆ ಮುನ್ನಡೆದನು" ಎಂಬ ವಾಕ್ಯ ಬಂತು. ಧೈರ್ಯ ಕಳೆದುಕೊಳ್ಳದೆ ಎಂದು ಅರ್ಥ ಹೇಳಿದೆ. ಸಂಗಮ್ಮ ಎಂಬ ಹುಡುಗಿ ಎದ್ದು ನಿಂತು, "ಟೀಚರ್, ಹೆದರೋದು, ಎದಿಗುಂದೋದು ಎರಡೂ ಒಂದೇ ಏನ್ರಿ?" ಎಂದಳು. ಒಂದೇ ಎಂದುಬಿಟ್ಟೆ. ಮನೆಗೆ ಬಂದ ಮೇಲೆ ಅದು ಸರಿಯೆನಿಸಲಿಲ್ಲ. ಈಗ ಯಾರೂ ಆಡದ ಈ ಮಾತನ್ನು ಸಾಯಣ್ಣಜ್ಜ ಆಡುತ್ತಿದ್ದ ನೆನಪು ನನಗೆ ಮಸುಕಾಗಿ ಇದೆ. ನೀವು ಅಜ್ಜನ ಜೊತೆ ಹದಿನೈದು ವರ್ಷ ಕುರಿ ಹಿಂದೆ ತಿರುಗಿದವರು. ಅಜ್ಜ ಅದನ್ನು ಯಾವಾಗ, ಯಾರಿಗೆ ಹೇಳುತ್ತಿದ್ದ? ಎರಡು ಸಾಲು ಬರೆದರೆ ಸಾಕು.

ನರಸಿಂಹುಲು ಅವರ ಫೋನ್ ನಂಬರ್ ಪ್ರಶಾಂತಿಯ ಬಳಿ ಇದೆ. ಬೇರೆಯವರ ಫೋನಿನಲ್ಲಿ ಕೇಳುವ ಮಾತಲ್ಲವೆಂದು ಬರೆಯುತ್ತಿದ್ದೇನೆ. ಉತ್ತರಕ್ಕೆ ಅಂಚೆ ಚೀಟಿ ಹಚ್ಚಿ, ಮಕ್ತಲ್‌ನ ಪ್ರಶಾಂತಿಯ ಕೋಣೆಯ ವಿಳಾಸ ಬರೆದ ಲಕೋಟೆ ಒಳಗಿದೆ.

ಅಪ್ಪ ಆರಾಮವಾಗಿದ್ದಾರೆ.

ದೇವಿಕಾ


ಗದ್ವಾಲ್
2 ಜುಲೈ 2024

ದೇವಿಕಾ,

ಪತ್ರ ಬಂತು. ನೀನು ಬರೆಯುತ್ತೀ ಎಂದು ನಾನು ಎಣಿಸಿರಲಿಲ್ಲ. "ನೀವು" ಎಂದು ಬರೆದಿದ್ದೀ. ಮನೆಯಲ್ಲಿ ನನ್ನನ್ನು ಯಾರೂ ಹಾಗೆ ಕರೆದವರಲ್ಲ. ಟೀಚರ್ ಆಗಿದ್ದೀ, ಇರಲಿ.

ನಾನು ಕನ್ನಡದಲ್ಲಿ ಬರೆದು ಬಹಳ ವರ್ಷವಾಯಿತು. ಏಳನೆಯ ತರಗತಿಯ ಕನ್ನಡವೇ ಕೈಗೆ ಬರುತ್ತದೆ. ತಪ್ಪಿದ್ದರೆ ತಿದ್ದಿಕೋ.

ಕೇಳಿದ್ದಕ್ಕೆ ಉತ್ತರ. ಅಪ್ಪ ಆ ಮಾತನ್ನು ಹೆಚ್ಚಾಗಿ ಹೇಳುತ್ತಿದ್ದದ್ದು ಕುರಿಗೆ. ಒಮ್ಮೆ ನಾರಾಯಣಪೇಟೆ ಹತ್ತಿರದ ಮದ್ದೂರು ಕಡೆ ಹೋದಾಗ ಒಂದು ಕುರಿ ಈಯುತ್ತ ಈಯುತ್ತ ಅರ್ಧಕ್ಕೆ ನಿಲ್ಲಿಸಿತು. ತಿಣುಕುವುದನ್ನೇ ಬಿಟ್ಟು ಸುಮ್ಮನೆ ನಿಂತಿತು. ನಾನು ಕೋಲೆತ್ತಿದೆ. ಅಪ್ಪ ಕೈ ಹಿಡಿದ. "ಹೊಡಿಬ್ಯಾಡಲೇ, ಅದು ಎದಿಗುಂದೈತಿ. ಹೆದರಿದ್ದು ಓಡ್ತೈತಿ. ಎದಿಗುಂದಿದ್ದು ನಿಂತಲ್ಲೇ ನಿಂದ್ರತೈತಿ" ಎಂದ. ಮರಿಗಳಿಗೆ ಆ ಮಾತು ಹೇಳುತ್ತಿರಲಿಲ್ಲ. ಮರಿ ಎಲ್ಲಕ್ಕೂ ಹೆದರುತ್ತದೆ, ಅಷ್ಟೇ. ಮೊದಲು ಧೈರ್ಯ ಇರಬೇಕು, ಇದ್ದದ್ದು ಹೋಗಬೇಕು, ಆಗ ಆ ಮಾತು. ನಿನ್ನ ಸಂಗಮ್ಮನಿಗೆ ಇದನ್ನು ಹೇಳು.

ಈಗ ನಾನು ಒಂದು ಕೇಳುತ್ತೇನೆ. ಒಂದು ಪದದ ಅರ್ಥ ಬೇರೆಯವರ ಫೋನಿನಲ್ಲಿ ಕೇಳಲಾಗದ ಮಾತೇ? ಇಷ್ಟು ಪದಗಳಿದ್ದಾಗ ಇದೇ ಯಾಕೆ? ನನಗೆ ಅಂಜಿನಯ್ಯ ಎಂದು ಹೆಸರಿಟ್ಟು ಎಲ್ಲರೂ ಅಂಜಿ ಎಂದರು. ಚಿಕ್ಕಂದಿನಲ್ಲಿ ಓರಗೆಯವರು "ಅಂಜಿ ಅಂಜಿದ, ಅಂಜಿ ಅಂಜಿದ" ಎಂದು ಸುತ್ತ ಕುಣಿಯುತ್ತಿದ್ದರು. ಆಗ ಅಳುತ್ತಿದ್ದೆ. ಈಗ ನಲವತ್ತೈದು ವರ್ಷ. ಅಣಕಿಸಬೇಕೆಂದಿದ್ದರೆ ಇಷ್ಟು ದೂರ ಸುತ್ತಿ ಬರಬೇಕಿರಲಿಲ್ಲ.

ಅಣ್ಣ ಕೇಳಲು ಹೇಳಿದ್ದರೆ, ಉತ್ತರ ಕೊಟ್ಟಿದ್ದಾನೆ ಎಂದು ಹೇಳು. ವಿಳಾಸ ಊರಿನಲ್ಲಿ ಯಾರಿಗೂ ಕೊಡಬೇಡ.

ಅಂಜಿ


ಮಕ್ತಲ್
20 ಜುಲೈ 2024

ಕಾಕಾ,

ಅಣಕಿಸಲು ಬರೆಯಲಿಲ್ಲ. ಅಪ್ಪನಿಗೆ ನಾನು ಬರೆದದ್ದೇ ಗೊತ್ತಿಲ್ಲ. ಇಷ್ಟನ್ನು ನಂಬಿದರೆ ಮುಂದೆ ಓದಿ.

ಅಪ್ಪ ಆರಾಮವಾಗಿದ್ದಾರೆ ಎಂದು ಬರೆದದ್ದು ಪೂರ್ತಿ ನಿಜವಲ್ಲ. ಊಟ ಮಾಡುತ್ತಾರೆ, ನಿದ್ದೆ ಮಾಡುತ್ತಾರೆ. ಕುರಿ ಸಾಕುವುದನ್ನು ಬಿಟ್ಟರು. ಬೀರಪ್ಪನ ಗುಡಿಯ ಕಟ್ಟೆಯ ಮೇಲೆ ಕೂತು ಹರಿದ ಕಂಬಳಿಗಳನ್ನು ಹೊಲಿದುಕೊಡುತ್ತಾರೆ. ಹೊಳೆಯ ಕಡೆ ಹೋಗುವುದಿಲ್ಲ. ಗದ್ವಾಲ್ ಬಸ್ಸು ಹೊಳೆ ದಾಟುತ್ತದೆಂದು ನೆಂಟರ ಮದುವೆಗೂ ಹೋಗಲಿಲ್ಲ.

ನಿಮ್ಮ ಹೆಸರು ಬಂದರೆ ಎದ್ದು ಹೋಗುತ್ತಾರೆ. ಕಳೆದ ಯುಗಾದಿಯಲ್ಲಿ ಯಾರೋ ಅವ್ವನ ಮಾತು ತೆಗೆದು, "ನಿನ್ನ ತಮ್ಮ ಓಡಿಹೋಗದಿದ್ದರ ಪೆಂಟಮ್ಮ ಇವತ್ತು ಇರ್ತಿದ್ಲು" ಎಂದರು. ಅಪ್ಪ ಅರ್ಧ ಊಟಕ್ಕೆ ಕೈ ತೊಳೆದರು. ನಿಮ್ಮ ಮೇಲಿನ ಸಿಟ್ಟು ಅವರಲ್ಲಿ ಅಷ್ಟು ಆಳಕ್ಕೆ ಇಳಿದಿದೆ ಎಂದು ನಾನು ತಿಳಿದಿದ್ದೇನೆ.

ಅವ್ವ ಹೋದ ದಿನ ನಾನು ನಾರಾಯಣಪೇಟೆಯಲ್ಲಿ ತರಬೇತಿಯಲ್ಲಿದ್ದೆ. ನನಗೆ ಗೊತ್ತಿರುವುದೆಲ್ಲ ಬೇರೆಯವರು ಹೇಳಿದ್ದು. ಅಲ್ಲಿದ್ದವರು ಮೂರು ಜನ. ಅವ್ವ ಇಲ್ಲ. ಅಪ್ಪ ಹೇಳುವುದಿಲ್ಲ. ಉಳಿದವರು ನೀವು. ಅಂದು ಏನಾಯಿತೆಂದು ಬರೆಯುತ್ತೀರಾ?

ದೇವಿಕಾ


ಗದ್ವಾಲ್
9 ಸೆಪ್ಟೆಂಬರ್ 2024

ದೇವಿಕಾ,

ತಡವಾಯಿತು. ಹಬ್ಬದ ಸೀರೆಗಳ ಕೆಲಸ ಬಹಳ ಇತ್ತು.

ಅದು ಪೂರ್ತಿ ಕಾರಣವಲ್ಲ. ನಾಲ್ಕು ಸಲ ಬರೆದು ಹರಿದೆ. ನರಸಿಂಹುಲು ಅವರ ಹೆಂಡತಿ ಮೊಗುಲಮ್ಮ ಒಲೆಗೆ ಹಾಕಲು ಆ ಚೂರುಗಳನ್ನು ಆರಿಸುತ್ತ, "ಯಾರಿಗ್ರೀ ಇಷ್ಟು ಕಾಗದ?" ಎಂದು ಕೇಳಿದರು. ಮಗಳಿಗೆ ಎಂದೆ.

ಶ್ರಾವಣದ ಒಂದು ಸೋಮವಾರ. ನಡುಗಡ್ಡೆಯಲ್ಲಿ ಹುಲ್ಲು ಚೆನ್ನಾಗಿತ್ತೆಂದು ಆರು ದಿನದಿಂದ ಕುರಿಗಳನ್ನು ಅಲ್ಲೇ ಬಿಟ್ಟಿದ್ದೆವು. ಅತ್ತಿಗೆ ರೊಟ್ಟಿ ತಂದವಳು ಅಲ್ಲೇ ಉಳಿದಿದ್ದಳು. ಮೇಲಿನ ಅಣೆಕಟ್ಟಿನಿಂದ ನೀರು ಬಿಡುತ್ತಾರೆಂದು ಬೆಳಿಗ್ಗೆ ಡಂಗುರ ಸಾರಿದ್ದರು. ಮಧ್ಯಾಹ್ನದವರೆಗೆ ಸಮಯ ಇದೆ ಎಂದುಕೊಂಡೆವು, ಅದು ನಮ್ಮ ತಪ್ಪು. ಅಂಬಿಗರ ಭೀಮಶಂಕರನ ಪುಟ್ಟಿ ನಮ್ಮ ಹತ್ತಿರ ಇತ್ತು. ಪುಟ್ಟಿ ಅಂದರೆ ನಿನ್ನ ಪುಸ್ತಕದ ಹರಗೋಲು. ಮೊದಲ ಸಲ ಮರಿಗಳನ್ನು ದಾಟಿಸಿದೆ. ಎರಡನೆಯ ಸಲ ಗಬ್ಬದ ಕುರಿಗಳನ್ನು. ಮೂರನೆಯದು ಅಣ್ಣ, ಅತ್ತಿಗೆಗಾಗಿ. ಉಳಿದ ಕುರಿಗಳನ್ನು ಬಿಟ್ಟುಬಿಡೋಣ ಎಂದು ಅತ್ತಿಗೆಯೇ ಹೇಳಿದಳು.

ಅಷ್ಟರಲ್ಲಿ ಹೊಳೆ ಕೆಂಪಾಗಿತ್ತು. ನಡುಗಡ್ಡೆಯ ಜಾಲಿ ಮರಕ್ಕೆ ಹಗ್ಗ ಕಟ್ಟಿತ್ತು. ನಾನು ಅದನ್ನು ಹಿಡಿದುಕೊಂಡು ಹೋಗುತ್ತಿದ್ದೆ. ನಡುಹೊಳೆಯಲ್ಲಿ ಒಂದು ಮರದ ದಿಮ್ಮಿ ಬಂತು. ಹೆದರಿ ಹಗ್ಗ ಬಿಟ್ಟೆ. ಪುಟ್ಟಿ ತಿರುಗುತ್ತ ಒಂದು ಮೈಲಿ ಕೆಳಗೆ ದಂಡೆಗೆ ಬಡಿಯಿತು. ಸಂಜೆಯೊಳಗೆ ನಡುಗಡ್ಡೆ ಮುಳುಗಿತು. ಮರುದಿನ ಬೋಟಿನವರು ಅಣ್ಣನನ್ನು ಮರದಿಂದ ಇಳಿಸಿದರು. ಅತ್ತಿಗೆ ಸಿಕ್ಕಿದ್ದು ಎರಡು ದಿನದ ಮೇಲೆ.

ಪಂಚನಾಮೆಯಲ್ಲಿ ಬರೆದಿದ್ದು ಸರಿಯಾಗಿದೆ. ಅದರ ಮೇಲೆ ನನ್ನ ಸಹಿ ಇದೆ. ಇನ್ನು ಕೇಳುವುದೇನೂ ಉಳಿದಿಲ್ಲ.

ಅಂಜಿ


ಮಕ್ತಲ್
18 ಸೆಪ್ಟೆಂಬರ್ 2024

ಕಾಕಾ,

ಈ ಪತ್ರದಿಂದ "ನೀನು" ಎಂದು ಬರೆಯುತ್ತೇನೆ. ಚಿಕ್ಕವಳಿದ್ದಾಗ ನಿನ್ನ ಹೆಗಲ ಮೇಲೆ ಕೂತವಳಿಗೆ ಆ "ನೀವು" ಬರೆಯುವುದು ಹೊಂದುತ್ತಿರಲಿಲ್ಲ.

ನಾನು ಒಂದು ವಿಷಯ ಮುಚ್ಚಿಟ್ಟಿದ್ದೆ. ಸಂಗಮ್ಮ ಆ ಪ್ರಶ್ನೆ ಕೇಳಿದ್ದು ನಿಜ. ಆದರೆ ಆ ಪದ ಅದಕ್ಕೂ ಮೊದಲೇ ನನ್ನ ಎದುರಿಗೆ ಬಂದಿತ್ತು. ಅವ್ವನ ಮರಣ ಪತ್ರದಲ್ಲಿ ಹೆಸರು ತಪ್ಪಾಗಿತ್ತು. ತಿದ್ದಿಸಲು ಪಂಚನಾಮೆಯ ನಕಲು ಬೇಕೆಂದರು. ಮೇ ತಿಂಗಳಲ್ಲಿ ಅದು ನನ್ನ ಕೈಗೆ ಬಂತು. ಎಲ್ಲ ತೆಲುಗಿನಲ್ಲಿದೆ. ಬೋಟಿನಿಂದ ಇಳಿಸಿದಾಗ ಅಪ್ಪ ಆಡಿದ ಮಾತು ಎಂದು ಗುಮಾಸ್ತ ಬರೆದಿದ್ದಾನೆ: "ತಮ್ಮುಡು ಅಂಜಿ ಭಯಪಡಿ ಪಾರಿಪೋಯಾಡು." ತಮ್ಮ ಅಂಜಿ ಹೆದರಿ ಓಡಿಹೋದ. ಊರೆಲ್ಲ ಕೇಳಿದ್ದು ಈ ಸಾಲನ್ನೇ, ನಾನೂ.

ಆ ಗುಮಾಸ್ತ ಯಾರೋ ಗೊತ್ತಿಲ್ಲ, ಆದರೆ ನಿಯತ್ತಿನ ಮನುಷ್ಯ ಇರಬೇಕು. ತನಗೆ ಕನ್ನಡ ಸರಿಯಾಗಿ ಬಾರದೆಂದು ಅಪ್ಪನ ಬಾಯಿಂದ ಬಂದದ್ದನ್ನು ಬಂದ ಹಾಗೆಯೇ ತೆಲುಗು ಅಕ್ಷರದಲ್ಲಿ ಪಕ್ಕದ ಅಂಚಿನಲ್ಲಿ ಗುರುತು ಮಾಡಿಟ್ಟಿದ್ದಾನೆ. ಎರಡೇ ಪದ. "ಅಂಜಿ ಎದಿಗುಂದಿದೆ."

ಎದಿಗುಂದಿದ ಅಲ್ಲ, ಎದಿಗುಂದಿದೆ. ದಕಾರದ ಮೇಲೆ ಎತ್ವ ಸ್ಪಷ್ಟವಾಗಿದೆ. ನಾನು ದಿನವೂ ಹನ್ನೊಂದು ಮಕ್ಕಳಿಗೆ ಇದನ್ನೇ ತಿದ್ದುವವಳು. ಅವನು ಬಂದ, ನಾನು ಬಂದೆ. ಅವನು ಬಿಟ್ಟ, ನಾನು ಬಿಟ್ಟೆ. ಅಪ್ಪ ಹೇಳಿದ್ದು "ಅವನು" ಅಲ್ಲ, "ನಾನು." ಹಾಗಾದರೆ ಮೊದಲ ಪದ ನಿನ್ನ ಹೆಸರೇ ಅಲ್ಲ. ಅಂಜಿಕೊಂಡು ನಾನು ಎದೆಗುಂದಿದೆ ಎಂದು ಅಪ್ಪ ತನ್ನ ಬಗ್ಗೆ ಹೇಳಿದ್ದಾನೆ. ನಿನಗೆ ಅಂಜಿ ಎಂಬ ಹೆಸರು ಇರದಿದ್ದರೆ ಗುಮಾಸ್ತನಿಗೂ ಊರಿಗೂ ಆ ಅರ್ಥ ಹೊಳೆಯುತ್ತಲೇ ಇರಲಿಲ್ಲ.

ಇನ್ನೊಂದು. ಹಗ್ಗ ಮರಕ್ಕೆ ಕಟ್ಟಿತ್ತು, ನೀನು ಕೈಯಲ್ಲಿ ಹಿಡಿದಿದ್ದೆ ಎಂದು ಬರೆದಿದ್ದೀ. ಭಾನುವಾರ ಭೀಮಶಂಕರನನ್ನು ಕೇಳಿದೆ. ಹಗ್ಗ ಪುಟ್ಟಿಗೆ ಕಟ್ಟಿತ್ತು, ಆ ಕಡೆಯಿಂದ ಅಪ್ಪ ಎಳೆಯುತ್ತಿದ್ದ, ಕೆಳಗೆ ಪುಟ್ಟಿ ಸಿಕ್ಕಾಗಲೂ ಹಗ್ಗ ಅದಕ್ಕೆ ಕಟ್ಟಿಯೇ ಇತ್ತು ಎಂದ. ಕಟ್ಟಿದ ಹಗ್ಗ ನಿನ್ನ ಕೈಯಿಂದ ಜಾರುವುದು ಹೇಗೆ?

ಅವ್ವನ ಮೂರನೆಯ ದಿನ ಹೊಸ್ತಿಲಲ್ಲಿ ನಿಂತು ನಾನು ನಿನಗೆ ಅಂದ ಮಾತು ನಿನಗೆ ನೆನಪಿರುತ್ತದೆ. "ಇನ್ನ ಈ ಮನಿ ಹೊಸ್ತಿಲ ತುಳಿಬ್ಯಾಡ. ನನ್ನ ಮಾರಿ ನೋಡಬ್ಯಾಡ." ನೀನು ಚಪ್ಪಲಿ ಮೆಟ್ಟಿಕೊಂಡು ಹೋದೆ. ನಾನು ಅಂದದ್ದು ತಪ್ಪು ಮನುಷ್ಯನಿಗೆ ಎಂದಾದರೆ ಅದು ನನಗೆ ತಿಳಿಯಬೇಕು.

ದೇವಿಕಾ


ಗದ್ವಾಲ್
1 ಅಕ್ಟೋಬರ್ 2024

ದೇವಿಕಾ,

ಗುಮಾಸ್ತ ತೆಲುಗಿನವನು. ದ ಬರೆಯಲು ಹೋಗಿ ದೆ ಬರೆದಿರಬಹುದು. ಒಂದು ಎತ್ವ ಹಿಡಿದುಕೊಂಡು ಮನೆ ಕೆಡವಬೇಡ.

ನಿನಗೆ ಅವ್ವ ಇಲ್ಲ. ಇರುವವನು ಒಬ್ಬ ಅಪ್ಪ. ಅವನನ್ನು ಏನೂ ಕೇಳಬೇಡ. ಕೇಳಿದರೆ ನಾನು ಮತ್ತೆ ಬರೆಯುವುದಿಲ್ಲ.

ಅಂಜಿ


ಮಕ್ತಲ್
24 ನವೆಂಬರ್ 2024

ಕಾಕಾ,

ಕೇಳಿದೆ.

ಹದಿನೈದು ದಿನ ಸುಮ್ಮನಿದ್ದೆ. ಆಮೇಲೆ ಒಂದು ಶನಿವಾರ ಶಾಲೆ ಬಿಟ್ಟ ಮೇಲೆ ನೇರ ಗುಡಿಯ ಕಟ್ಟೆಗೆ ಹೋದೆ. ಅಪ್ಪ ಒಬ್ಬನೇ ಇದ್ದ, ಕಂಬಳಿ ಹೊಲಿಯುತ್ತಿದ್ದ. ಪಕ್ಕದಲ್ಲಿ ಕೂತೆ. ಆಡಿದ ಮಾತುಗಳನ್ನು ಆಡಿದ ಹಾಗೆಯೇ ಬರೆಯುತ್ತೇನೆ.

"ಅಪ್ಪಾ, ಬೋಟಿನಿಂದ ಇಳಿಸಿದಾಗ ಸಾಹೇಬ್ರ ಮುಂದ ನೀ ಏನಂದಿ?"

"ಈಗ್ಯಾಕ ಅದು?"

"ಎದಿಗುಂದಿದ ಅಂದ್ಯಾ, ಎದಿಗುಂದಿದೆ ಅಂದ್ಯಾ?"

ಅಪ್ಪ ಸೂಜಿಯನ್ನು ಕಂಬಳಿಗೆ ಚುಚ್ಚಿ ಅಲ್ಲೇ ಬಿಟ್ಟ. "ಮೂರು ವರ್ಷದಾಗ ಇದನ್ನ ಯಾರೂ ಕೇಳಲಿಲ್ಲವ್ವಾ" ಎಂದ.

"ನಾ ಕೇಳಾಕತ್ತೀನಿ."

"ಎದಿಗುಂದಿದೆ ಅಂದೆ."

ಆಮೇಲೆ ತಾನಾಗಿಯೇ ಹೇಳಿದ. "ಹಗ್ಗ ನಾ ಎಳೀತಿದ್ದೆ. ನಿಮ್ಮವ್ವ ಹಿಂದ ನಿಂತು ನನ್ನ ನಡಾ ಹಿಡಕೊಂಡಿದ್ಲು. ಅಂಜಿ ಅರ್ಧ ಹೊಳಿ ದಾಟಿದ್ದ. ದಿಮ್ಮಿ ಬಂದು ಪುಟ್ಟಿಗಿ ಬಡೀತು. ಪುಟ್ಟಿ ವಾಲಿತು. ಹಗ್ಗ ಅಂಗೈ ಸುಡಾಕತ್ತಿತು. 'ಬಿಡಬ್ಯಾಡ್ರಿ, ಬಿಡಬ್ಯಾಡ್ರಿ' ಅಂದ್ಲು ನಿಮ್ಮವ್ವ. ಇನ್ನ ಆಗಂಗಿಲ್ಲ ಅನಿಸ್ತು. ಬಿಟ್ಟೆ."

"ಕಾಕಾನ ಜೀವಾ ಉಳೀಲಿ ಅಂತ ಬಿಟ್ಟ್ಯಾ?" ಎಂದು ಕೇಳಿದೆ. ಹೌದು ಎನ್ನಲಿ ಎಂದು ನಾನು ಕಾಯುತ್ತಿದ್ದೆ, ಕಾಕಾ.

"ಹಂಗ ಅನ್ನಬೋದಿತ್ತು. ಅದು ಸುಳ್ಳು. ಅವನ ಜೀವದ ನೆನಪು ಬಂದಿದ್ದು ಕೈ ಬಿಟ್ಟ ಮ್ಯಾಲೆ."

ಹಗ್ಗ ಹೋದ ಮೇಲೆ ಇಬ್ಬರೂ ಜಾಲಿ ಮರ ಹತ್ತಿದರಂತೆ. ಅವ್ವ ಕೆಳಗಿನ ಕೊಂಬೆಯಲ್ಲಿದ್ದಳು. ಹೊತ್ತು ಮುಳುಗುವ ಮೊದಲೇ ಆ ಕೊಂಬೆ ಹೋಯಿತು. ಅಷ್ಟು ಹೊತ್ತಿನಲ್ಲಿ ಅವ್ವ ಅಪ್ಪನಿಗೆ ಒಂದು ಬೈಗುಳವನ್ನೂ ಬೈಯಲಿಲ್ಲವಂತೆ. "ಬೈದಿದ್ರ ಪಾಡಿತ್ತು" ಎಂದ.

ಇಷ್ಟು ದಿನ ಯಾಕೆ ಹೇಳಲಿಲ್ಲ ಎಂದೆ. ಕಾಲಿಗೆ ಪೆಟ್ಟಾಗಿ ನಲವತ್ತು ದಿನ ದವಾಖಾನೆಯಲ್ಲಿದ್ದು ಊರಿಗೆ ಬರುವಷ್ಟರಲ್ಲಿ ಎಲ್ಲರ ಬಾಯಲ್ಲಿ ಒಂದೇ ಕತೆ ಇತ್ತು. ನೀನು ಸಹಿ ಹಾಕಿ ಊರು ಬಿಟ್ಟಿದ್ದೆ. ಮೊದಲ ದಿನ ಹೇಳಲಾಗಲಿಲ್ಲ. ಎರಡನೆಯ ದಿನ ಇನ್ನೂ ಕಷ್ಟವಾಯಿತು. "ತಿಂಗಳ ಆದ ಮ್ಯಾಲೆ ನಂಗೂ ಅದೇ ಖರೆ ಅನ್ಸಾಕತ್ತಿತು" ಎಂದ. ನಿನ್ನ ಹೆಸರು ಕೇಳಿ ಎದ್ದು ಹೋಗುತ್ತಿದ್ದದ್ದು ಸಿಟ್ಟಿನಿಂದಲ್ಲ. ನಾನು ತಪ್ಪು ತಿಳಿದಿದ್ದೆ.

ಮರುದಿನ ಭಾನುವಾರ. ಗುಡಿಗೆ ಜನ ಬಂದಿದ್ದರು. ಅಪ್ಪ ಕಟ್ಟೆಯ ಮೇಲೆ ಎದ್ದು ನಿಂತು ಇದನ್ನೇ ಹೇಳಿದ. ನಾನು ಹೇಳು ಎಂದಿರಲಿಲ್ಲ. ಪಕ್ಕದ ಮನೆಯ ಮುದುಕಿ ಬುಚ್ಚಮ್ಮ, "ಮೂರು ವರ್ಷ ಆ ಹುಡುಗನ ಹೆಸರಿಗಿ ಉಗುಳಿದ್ವಿ ಅಲ್ಲೋ ಕುರುಮಾ. ಬಾಯಿ ತೆರೀಬಾರದಿತ್ತಾ?" ಎಂದಳು. ಅಪ್ಪ ತೆರೀಬೇಕಿತ್ತು ಎಂದ. ಸೋಮವಾರ ಕಚೇರಿಗೂ ಹೋದ. ಫೈಲು ಮುಗಿದಿದೆ, ಈಗ ತಿದ್ದಲು ಬರುವುದಿಲ್ಲ ಎಂದರಂತೆ.

ನಾನು ಈಗ ಮಕ್ತಲ್‌ನಲ್ಲಿ ಪ್ರಶಾಂತಿಯ ಕೋಣೆಯಲ್ಲಿದ್ದೇನೆ. ಅವತ್ತಿನಿಂದ ಮನೆಗೆ ಹೋಗಿಲ್ಲ. ಅಪ್ಪನ ಮೇಲೆ ಸಿಟ್ಟೋ ಏನೋ ಹೇಳಲು ಬರುವುದಿಲ್ಲ. ಹೋದರೆ ರೊಟ್ಟಿ ಮಾಡಬೇಕು, ಎದುರಿಗೆ ಕೂತು ಹಾಕಬೇಕು. ಅದು ಆಗುತ್ತಿಲ್ಲ.

ನಿನಗೆ ನಾನು ಅಂದ ಮಾತಿಗೆ ಕ್ಷಮೆ ಕೇಳಲು ಪದ ಹುಡುಕಿದೆ. ಬರೆದದ್ದೆಲ್ಲ ಶಾಲೆಯ ರಜೆ ಚೀಟಿಯ ಹಾಗೆ ಕಂಡಿತು. ಹೊಡೆದುಹಾಕಿದೆ.

ನೀನು ಬರೆಯುವುದಿಲ್ಲ ಎಂದಿದ್ದೆ. ಆದರೂ ಲಕೋಟೆ ಇಟ್ಟಿದ್ದೇನೆ.

ದೇವಿಕಾ


ಗದ್ವಾಲ್
12 ಡಿಸೆಂಬರ್ 2024

ದೇವೀ,

ಬರೆಯಬಾರದೆಂದೇ ಇದ್ದೆ. ಆದರೆ ಅಣ್ಣ ಇಷ್ಟು ಜನರ ಎದುರು ನಿಂತು ಹೇಳಿದ ಮೇಲೆ ನಾನು ಇಲ್ಲಿ ಬಣ್ಣದ ತೊಟ್ಟಿಯ ಹಿಂದೆ ಅಡಗಿ ಒಳ್ಳೆಯವನಾಗುವುದು ಸರಿಯಲ್ಲ.

ಹಗ್ಗದ ವಿಷಯ ನನಗೆ ಅವತ್ತೇ ಗೊತ್ತಿತ್ತು. ಪುಟ್ಟಿ ದಂಡೆಗೆ ಬಡಿದ ಮೇಲೆ ಹಗ್ಗವನ್ನು ನೀರಿನಿಂದ ಎಳೆದುಕೊಂಡೆ. ಪೂರ್ತಿ ಬಂತು. ಹರಿದಿರಲಿಲ್ಲ, ಕತ್ತರಿಸಿರಲಿಲ್ಲ. ತುದಿಯ ಗಂಟು ನಾನೇ ಹಾಕಿದ್ದು, ಹಾಗೇ ಇತ್ತು. ಆ ಕಡೆ ಹಿಡಿದವನು ಬಿಟ್ಟಿದ್ದಾನೆ ಎಂದು ಅರ್ಥವಾಯಿತು.

ಗೊತ್ತಿದ್ದೂ ಸಹಿ ಯಾಕೆ ಹಾಕಿದೆ? ನಿನಗೆ ಒಬ್ಬ ಅಪ್ಪನಾದರೂ ಉಳಿಯಲಿ ಎಂದು ಹಾಕಿದೆ ಎಂದು ಮೂರು ವರ್ಷ ನನಗೆ ನಾನೇ ಹೇಳಿಕೊಂಡೆ. ಅದರಲ್ಲಿ ಸ್ವಲ್ಪ ನಿಜವೂ ಇದೆ. ಆದರೆ ಇನ್ನೊಂದು ಇದೆ. ಅದನ್ನು ಯಾರಿಗೂ ಹೇಳಿಲ್ಲ.

ನಡುಹೊಳೆಯಲ್ಲಿ ಹಗ್ಗ ಸಡಿಲಾಯಿತಲ್ಲ, ಆಗ ನನಗೆ ಹಗುರವಾಯಿತು. ಇನ್ನು ಮುಂದೆ ಹೋಗಬೇಕಿಲ್ಲ ಎಂದು ಹಗುರವಾಯಿತು. ಎದುರಿಗೆ ಅತ್ತಿಗೆ ಕೈ ಎತ್ತಿದ್ದು ಕಾಣುತ್ತಿತ್ತು. ಬಾ ಎಂದಳೋ ಹೋಗು ಎಂದಳೋ ಗೊತ್ತಿಲ್ಲ. ನಾನು ಹೋಗು ಎಂದೇ ತಿಳಿದುಕೊಂಡೆ. ದಂಡೆ ಮುಟ್ಟಿದ ಮೇಲೂ ಪುಟ್ಟಿಗೆ ಏನೂ ಆಗಿರಲಿಲ್ಲ, ಹುಟ್ಟು ಕೈಯಲ್ಲಿತ್ತು. ಭೀಮಶಂಕರ ಓಡಿಬಂದು, "ನಡೀ, ಇಬ್ರೂ ಹೋಗೂಣು" ಎಂದ. ನನ್ನ ಕಾಲು ಏಳಲಿಲ್ಲ. ಓಡಿಹೋಗಲಿಲ್ಲ, ದೇವೀ. ನಿಂತಲ್ಲೇ ನಿಂತೆ. ಅವನು ಒಬ್ಬನೇ ಹೋಗುವಷ್ಟು ಗಟ್ಟಿಗನಲ್ಲ. ಹೊತ್ತು ಹೋಯಿತು. ಇಬ್ಬರೂ ಹೋಗಿದ್ದರೆ ದಾಟುತ್ತಿದ್ದೆವೋ ಮುಳುಗುತ್ತಿದ್ದೆವೋ ಹೇಳಲಾರೆ. ಹೋಗಲಿಲ್ಲ ಎಂಬುದಷ್ಟೇ ಗೊತ್ತು.

ಆದ್ದರಿಂದ ಗುಮಾಸ್ತ ಓದಿ ಹೇಳಿದಾಗ ನನಗೆ ಅದು ಸುಳ್ಳು ಎನಿಸಲಿಲ್ಲ. ಓಡಿದ ಎಂಬ ಒಂದು ಮಾತು ಬಿಟ್ಟರೆ ಉಳಿದದ್ದು ನನ್ನದೇ.

ನೀನು ಹೊಸ್ತಿಲಲ್ಲಿ ಅಂದ ಮಾತಿಗೆ ಕ್ಷಮೆ ಬೇಡ. ಅವತ್ತು ಯಾರಾದರೂ ಅನ್ನಲೇಬೇಕಿತ್ತು. ಎಲ್ಲರೂ ನನ್ನ ಹಿಂದೆ ಆಡಿದರು, ಎದುರಿಗೆ ಅಂದವಳು ನೀನೊಬ್ಬಳೇ.

ಅಪ್ಪನ ಮನೆಗೆ ಹೋಗು ಎಂದು ಹೇಳುವ ಅಧಿಕಾರ ನನಗಿಲ್ಲ. ಅವನಿಗೆ ರೊಟ್ಟಿ ಯಾರು ಮಾಡಿಕೊಡುತ್ತಾರೆ ಎಂದು ಮಾತ್ರ ತಿಳಿಸು.

ಅಂಜಿ ಕಾಕಾ


ಮಕ್ತಲ್
22 ಡಿಸೆಂಬರ್ 2024

ಕಾಕಾ,

ಬುಚ್ಚಮ್ಮ ಮಾಡಿಕೊಡುತ್ತಾಳೆ.

ನಿನ್ನ ಪತ್ರವನ್ನು ಎರಡು ಸಲ ಓದಿದೆ. ಮೊದಲ ಸಲ ನಿನ್ನ ಮೇಲೆ ಸಿಟ್ಟು ಬಂತು. ಇಬ್ಬರಲ್ಲಿ ಒಬ್ಬನಾದರೂ ನಿರಪರಾಧಿಯಾಗಿ ಉಳಿದರೆ ನನಗೆ ಸುಲಭವಾಗುತ್ತಿತ್ತು. ಎರಡನೆಯ ಸಲ ಸಿಟ್ಟು ಬರಲಿಲ್ಲ. ಏನು ಬಂತೆಂದು ಇನ್ನೂ ಗೊತ್ತಿಲ್ಲ.

ಶುಕ್ರವಾರ ಶಾಲೆ ಬಿಟ್ಟ ಮೇಲೆ ಊರಿಗೆ ಹೋದೆ. ಅಪ್ಪ ಮನೆಯ ಮುಂದೆ ಕೂತಿದ್ದ. ಒಳಗೆ ಹೋಗಲಿಲ್ಲ. ಬಾಗಿಲಲ್ಲೇ ನಿಂತು ನಿನ್ನ ಪತ್ರ ಓದಿದೆ. "ನನಗೆ ಹಗುರವಾಯಿತು" ಎಂಬಲ್ಲಿ ಬಂದಾಗ "ಇನ್ನೊಮ್ಮೆ ಓದು" ಎಂದ. ಓದಿದೆ. ಲಕೋಟೆಯನ್ನು ಕೊಡು ಎಂದು ಇಸಿದುಕೊಂಡ. ಅವನಿಗೆ ಓದಲು ಬಾರದು, ಯಾಕೆ ಬೇಕಿತ್ತೋ ಕೇಳಲಿಲ್ಲ. ಕೊಟ್ಟು ಆರು ಗಂಟೆಯ ಬಸ್ಸಿಗೆ ತಿರುಗಿ ಬಂದೆ.

ದೇವಿಕಾ


ಗದ್ವಾಲ್
8 ಜನವರಿ 2025

ದೇವೀ,

ಅಣ್ಣ ಇಲ್ಲಿಗೆ ಬಂದಿದ್ದಾನೆ. ಇವತ್ತಿಗೆ ನಾಲ್ಕು ದಿನ. ಬುಚ್ಚಮ್ಮನಿಗೆ ಹೇಳಿ ಬಂದಿದ್ದಾನಂತೆ, ನಿನಗೆ ಹೇಳಿಲ್ಲ. ಆದ್ದರಿಂದ ಬರೆಯುತ್ತಿದ್ದೇನೆ.

ನಾನು ಮೊಣಕೈವರೆಗೆ ಕೆಂಪು ಬಣ್ಣದಲ್ಲಿದ್ದೆ. ಮೊಗುಲಮ್ಮ ಬಂದು, "ಯಾರೋ ಮುದುಕಪ್ಪ ಬಂದಾರ, ಒಂದು ಕವರ್ ತೋರಿಸ್ತಾರ" ಎಂದರು. ಲಕೋಟೆಯ ಹಿಂದಿನ ನನ್ನ ತೆಲುಗು ವಿಳಾಸವನ್ನು ಕಂಡಕ್ಟರನಿಂದ ಓದಿಸಿಕೊಂಡು, ಕೇಳುತ್ತ ಕೇಳುತ್ತ ಬಂದಿದ್ದ. ಹೊಳೆಗೆ ಅಡ್ಡ ಕಟ್ಟಿದ ಜುರಾಲಾ ಅಣೆಕಟ್ಟಿನ ಮೇಲೆ ಬಸ್ಸು ಹೋಗುವಾಗ ಏನು ಮಾಡಿದಿ ಎಂದು ಆಮೇಲೆ ಕೇಳಿದೆ. "ಕಣ್ಣ ಮುಚ್ಚಬೇಕಂತ ಮಾಡಿದ್ದೆ. ಬಾಜೂಕ ಕುಂತ ಹೆಣ್ಮಗಳು 'ನೀರು ಎಷ್ಟೈತಿ ನೋಡ್ರಿ' ಅಂದ್ಲು. ನೋಡಿದೆ" ಎಂದ.

ನನ್ನನ್ನು ಕಂಡು ಅವನು ಮೊದಲು ಅಂದದ್ದು, "ಕೈ ತೊಳಕೋ. ರೊಟ್ಟಿ ತಂದೀನಿ." ಒಣ ರೊಟ್ಟಿ, ಕೆಂಪು ಚಟ್ನಿ. ಇಬ್ಬರೂ ತಿಂದೆವು. ತಿಂದ ಮೇಲೆ ಅವನು, "ನಾ ಬಿಟ್ಟೆ" ಎಂದ. ಗೊತ್ತಿತ್ತು ಎಂದೆ. "ನಿನ್ನ ಕಾಗದದಾಗಿನ ಮಾತು ಕೇಳಿದೆ. ಹಗುರಾತು ಅಂತ ಬರದೀಯಲ್ಲ, ಅದು ನಂಗೂ ಆಗಿತ್ತಲೇ. ಕೈ ಸುಡೋದು ನಿಂತಿತು ನೋಡು, ಆಗ" ಎಂದ. ಹೇಳುತ್ತ ಅತ್ತ. ಅವನು ಅಳುವುದನ್ನು ನಾನು ನೋಡಿದ್ದು ಅಪ್ಪ ಸತ್ತಾಗ ಒಮ್ಮೆ, ಈಗ ಒಮ್ಮೆ. ನಾನು ಪಕ್ಕದಲ್ಲಿ ಕೂತಿದ್ದೆ. ಆಮೇಲೆ ಮುಖ ಒರೆಸಿಕೊಂಡು ಬಿದಿರ ಗಳುವಿನ ಮೇಲೆ ಒಣಹಾಕಿದ ನೂಲನ್ನು ನೋಡಿ, "ಇದನ್ನ ಎಷ್ಟು ಸಲ ಅದ್ದಬೇಕು?" ಎಂದು ಕೇಳಿದ. ಮೂರು ಸಲ ಎಂದೆ.

ಎರಡು ದಿನದಿಂದ ನೂಲು ಹಿಂಡಲು ಅವನೂ ಬರುತ್ತಾನೆ. ಹೋಗುತ್ತೇನೆ ಎಂದೂ ಅನ್ನುವುದಿಲ್ಲ, ಇರುತ್ತೇನೆ ಎಂದೂ ಅನ್ನುವುದಿಲ್ಲ. ನಿನ್ನ ಸುದ್ದಿ ದಿನಾ ಕೇಳುತ್ತಾನೆ. ಕರೆಸು ಎನ್ನುವುದಿಲ್ಲ. ನಾನೂ ಬಾ ಎಂದು ಬರೆಯುವುದಿಲ್ಲ. ಸಂಕ್ರಾಂತಿಗೆ ನಿನಗೆ ಶಾಲೆ ರಜೆ ಇರುತ್ತದೆಂದು ಮೊಗುಲಮ್ಮ ಹೇಳಿದರು, ಅಷ್ಟೇ.

ಅಂಜಿ ಕಾಕಾ


ಮಕ್ತಲ್
11 ಜನವರಿ 2025

ಕಾಕಾ,

ಈ ಪತ್ರ ನನಗಿಂತ ಮೊದಲು ತಲುಪುತ್ತದೋ ಇಲ್ಲವೋ. ಹಬ್ಬದ ಮರುದಿನ, ಬುಧವಾರ, ಬೆಳಗಿನ ಬಸ್ಸಿಗೆ ಬರುತ್ತೇನೆ.

ಅಪ್ಪನ ಜೊತೆ ಮಾತಾಡುತ್ತೇನೆಂದು ಈಗಲೇ ಹೇಳಲಾರೆ. ನೀವಿಬ್ಬರೂ ನನ್ನನ್ನು ಮಾತಾಡಿಸಲು ಪ್ರಯತ್ನಿಸಬೇಡಿ. ಯಾರೂ ಕಾಲು ಹಿಡಿಯುವುದು, ಅಳುವುದು ಬೇಡ. ಅವ್ವನ ಬಗ್ಗೆ ಮಾತಾಡುವುದಾದರೆ ಅವಳು ಬದುಕಿದ್ದಾಗಿನದು ಹೇಳಿ, ನನಗೆ ಗೊತ್ತಿಲ್ಲದ್ದು ಬಹಳ ಇರುತ್ತದೆ. ಹಿಟ್ಟು ಇದ್ದರೆ ರೊಟ್ಟಿ ನಾನು ಮಾಡುತ್ತೇನೆ.

ಅಪ್ಪ ಹೇಳಿರುವುದಿಲ್ಲ, ಅದಕ್ಕೆ ಬರೆಯುತ್ತಿದ್ದೇನೆ. ಮರದಿಂದ ಇಳಿಸಿದಾಗ ಪೆಟ್ಟಾದ ಬಲಗಾಲಿನ ಮಂಡಿ ಅವನಿಗೆ ಪೂರ್ತಿ ಮಡಿಚುವುದಿಲ್ಲ. ನೆಲಕ್ಕೆ ಕೂತರೆ ಏಳುವಾಗ ಹಲ್ಲು ಕಚ್ಚುತ್ತಾನೆ. ಬಂದಾಗಿನಿಂದ ನಿಮ್ಮ ಹಿತ್ತಲಲ್ಲಿ ನೆಲದ ಮೇಲೆ ಕೂತೇ ಉಂಡಿರುತ್ತಾನೆ. ನಾನು ಬರುವವರೆಗೆ ಕಾಯಬೇಡ, ಯಾರ ಮನೆಯಿಂದಾದರೂ ಒಂದು ಎತ್ತರದ ಸ್ಟೂಲು ತಂದಿಡು. ಅವನು ತಾನಾಗಿ ಕೇಳುವುದಿಲ್ಲ.

ದೇವಿ